ದತ್ತು ಪತ್ರ ಮೊದಲೇ ಬರೆಸಬೇಡಿ

ಪ್ರಶ್ನೆ: ನಾವು ಗಂಗಾವತಿಯವರು. ನನ್ನ ತಂಗಿ, ಅವಳ ಗಂಡ ಇಬ್ಬರೂ ಅಮೆರಿಕದ ಪೌರರು, ಮಕ್ಕಳಿಲ್ಲ. ನಾಲ್ಕು ವರ್ಷದ ನಮ್ಮ ಎರಡನೇ ಮಗಳನ್ನು ಅವರಿಗೆ ಕೊಡುವ ಮಾತಾಗಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತು ಪತ್ರ ಮಾಡಿಸಿದರೆ ಸಾಕೇ? ತಂಗಿ ತರಬೇತಿಯೂ ಬೇಕು ಅನ್ನುತ್ತಾಳೆ.

ಉತ್ತರ: ಸಾಲದು. ಸಾಲದಿರುವುದಷ್ಟೇ ಅಲ್ಲ, ಆ ಪತ್ರದಿಂದಲೇ ಕೆಲಸ ಕೆಡಬಹುದು. ಅಮೆರಿಕದ ವಲಸೆ ಇಲಾಖೆ ಮಗುವಿನ ಪರವಾಗಿ ಸಲ್ಲಿಸುವ ಐ-800 ಅರ್ಜಿಗೆ ತಾತ್ಕಾಲಿಕ ಮಂಜೂರಾತಿ ಕೊಡುವ ಮೊದಲೇ ದತ್ತು ಮುಗಿದಿದ್ದರೆ, ಆ ದತ್ತು ರದ್ದಾಗುವವರೆಗೆ ಅರ್ಜಿ ಮುಂದೆ ಸಾಗದು.

ಅದಕ್ಕೂ ಮೊದಲು ಒಂದು ಕಷ್ಟದ ಮಾತು. ಹೆತ್ತವರಿಬ್ಬರೂ ಬದುಕಿದ್ದರೆ, ಮಗುವನ್ನು ಸರಿಯಾಗಿ ಸಾಕಲು ಅವರಿಗೆ ಶಕ್ತಿಯಿಲ್ಲ ಎಂಬುದನ್ನು ಅಮೆರಿಕದ ಕಾನೂನು ಕೇಳುತ್ತದೆ. ತಂಗಿಗೆ ಮಕ್ಕಳಿಲ್ಲ ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಹೆಚ್ಚಿನ ಸಂಬಂಧಿಕರ ದತ್ತು ಎಡವುವುದು ಇಲ್ಲೇ. ಹಣ ಖರ್ಚು ಮಾಡುವ ಮೊದಲು ತಂಗಿ ಅಲ್ಲಿನ ವಲಸೆ ವಕೀಲರನ್ನು ಕೇಳಲಿ.

ಈ ತೊಡಕು ಬಗೆಹರಿದರೆ ಮುಂದಿನ ದಾರಿ ಇದು. ಅಲ್ಲಿನ ಮಾನ್ಯತೆ ಪಡೆದ ಸಂಸ್ಥೆಯಿಂದ ಗೃಹ ಅಧ್ಯಯನ (ದತ್ತು ಪಡೆಯುವವರ ಮನೆ, ಕುಟುಂಬದ ಪರಿಶೀಲನೆ), ಜೊತೆಗೆ ಕನಿಷ್ಠ 10 ಗಂಟೆಯ ತರಬೇತಿ. ಗೃಹ ಅಧ್ಯಯನಕ್ಕೆ ಕೊಟ್ಟ ಸಮಯ ಈ 10 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಹೆತ್ತವರನ್ನು ಬಿಟ್ಟು ಹೋದ ಮಗು ಹೇಗೆ ನಡೆದುಕೊಳ್ಳುತ್ತದೆ, ಹೊಸ ಮನೆಗೆ ಹೇಗೆ ಒಗ್ಗುತ್ತದೆ ಎಂಬುದೆಲ್ಲ ತರಬೇತಿಯಲ್ಲಿದೆ. ಚಿಕ್ಕಮ್ಮನಾದರೂ ತಾಯಿಯಾಗುವುದು ಬೇರೆ; ಹಾಜರಿಗಾಗಿ ಕೂತು ಬರುವ ತರಬೇತಿಯಲ್ಲ ಇದು. ಆಮೇಲೆ ದತ್ತು ಪಡೆಯಲು ತಂಗಿ ದಂಪತಿ ಅರ್ಹರೇ ಎಂದು ನೋಡುವ ಐ-800ಎ ಅರ್ಜಿ; ಮೇಲೆ ಹೇಳಿದ ಐ-800 ಇದರ ನಂತರ, ದತ್ತು ಆದೇಶಕ್ಕೆ ಮೊದಲು.

ನಮ್ಮಲ್ಲಿ ಮಗುವಿನ ಚಿಕ್ಕಮ್ಮ ಕಾನೂನಿನ ಪ್ರಕಾರವೇ ಸಂಬಂಧಿ. ಕಡತ ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ಕ್ಕೆ ಬರುತ್ತದೆ. ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ನಿಮ್ಮ ಕುಟುಂಬದ ವರದಿ ಬರೆಯುತ್ತಾರೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಕೋರ್ಟಿನವರಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು. ನಂತರ ಕಾರಾದ ನಿರಾಕ್ಷೇಪಣಾ ಪತ್ರ, ಪಾಸ್‌ಪೋರ್ಟ್, ವೀಸಾ.

ಜನನ ಪ್ರಮಾಣಪತ್ರ, ಆಧಾರ್, ನಿಮ್ಮ ಮದುವೆ ದಾಖಲೆಗಳಲ್ಲಿ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರಲಿ. ತಿದ್ದುಪಡಿ ಬೇಕಿದ್ದರೆ ಈಗಲೇ ನಗರಸಭೆಗೆ ಹೋಗಿ.

ಇಷ್ಟರಲ್ಲಿ ಮಗಳಿಗೆ ಐದು ತುಂಬಬಹುದು. ಐದಾದರೆ ಅವಳ ಒಪ್ಪಿಗೆಯೂ ಬೇಕು. ಅಧಿಕಾರಿ ಕೇಳುವಾಗಲೇ ಅವಳಿಗೆ ವಿಷಯ ಮೊದಲ ಸಲ ತಿಳಿಯುವಂತಾಗಬಾರದು; ನೀವೇ, ಮನೆಯಲ್ಲೇ ಹೇಳಿ.