ಓದುಗರ ಪ್ರಶ್ನೆ: ಗಲಾಟೆಗೆ ಮೊದಲು ಮಾಡಬೇಕಾದ ಕೆಲಸ

ಪ್ರಶ್ನೆ: ನಮ್ಮ ಗ್ರಾಮದಲ್ಲಿ ಪ್ರತಿವರ್ಷ ಸೌಹಾರ್ದ ಕೂಟ ನಡೆಯುತ್ತದೆ. ಅರ್ಚಕರು, ಮಸೀದಿಯ ಖತೀಬರು, ಚರ್ಚಿನ ಧರ್ಮಗುರುಗಳು ಒಂದೇ ವೇದಿಕೆಯಲ್ಲಿ ಕೂರುತ್ತಾರೆ. ಆದರೂ ಸಣ್ಣ ವಿಷಯಕ್ಕೆ ಊರು ಎರಡಾಗುತ್ತದೆ. ಬೇರೆ ಏನು ಮಾಡಬಹುದು?
— ಓದುಗರೊಬ್ಬರು, ಬೆಳ್ತಂಗಡಿ ತಾಲೂಕು

ಉತ್ತರ: ಕೂಟಕ್ಕೆ ಬರುವವರು ಮೊದಲೇ ಒಪ್ಪಿಕೊಂಡವರು. ಜಗಳಕ್ಕೆ ಇಳಿಯುವ ಹುಡುಗರು ಆ ಹೊತ್ತಿಗೆ ಕ್ರಿಕೆಟ್ ಮೈದಾನದಲ್ಲಿರುತ್ತಾರೆ. ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. ಇಲ್ಲಿ ಘಟ್ಟದ ಮೇಲಿನ ಹಾಗೆ ಮನೆಗೆ ಮನೆ ತಾಗಿದ ಕೇರಿಗಳಿಲ್ಲ, ಒಂದೊಂದು ಮನೆ ಒಂದೊಂದು ತೋಟದೊಳಗೆ. ಹಾಲಿನ ಡೈರಿ, ರೇಷನ್ ಅಂಗಡಿ, ಬಸ್ಸು ಬಿಟ್ಟರೆ ಪರಸ್ಪರ ಮುಖ ನೋಡುವ ಜಾಗವೇ ಕಡಿಮೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು ಇದನ್ನೇ: ಭೇಟಿಯೊಂದರಿಂದಲೇ ಪೂರ್ವಗ್ರಹ ಕರಗುವುದಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಒಟ್ಟಿಗೆ ದುಡಿಮೆ, ಹಿರಿಯರ ಬೆಂಬಲ ಎಲ್ಲವೂ ಬೇಕು.

ಹಾಗಾಗಿ ಎಲ್ಲರಿಗೂ ಲಾಭವಿರುವ ಕೆಲಸವೊಂದನ್ನು ಹಿಡಿಯಿರಿ. ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು ಹಾಕುವುದು, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದು ಇದಕ್ಕೆ ಹೇಳಿ ಮಾಡಿಸಿದ್ದು. ನೀರು ನಿಂತರೆ ಎರಡೂ ದಡದ ಬಾವಿಯಲ್ಲಿ ಒಸರು ಬರುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಹರಿವು ಇಳಿದ ಮೇಲೆ ಶುರು ಮಾಡಿ. ಅವಸರಪಟ್ಟರೆ ಅಕಾಲ ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗುತ್ತದೆ. ಎರಡು ಸಾಲು ಹಲಗೆ, ನಡುವೆ ಅಂಟುಮಣ್ಣು ತುಳಿದು ತುಂಬುವುದು ಕ್ರಮ. ಆಳುಪಟ್ಟಿಯನ್ನು ಜಾತಿ-ಧರ್ಮ ನೋಡಿ ಹಂಚಬೇಡಿ, ತೋಡಿನ ಉದ್ದಕ್ಕೆ ಜಾಗದ ಸಾಲಿನಲ್ಲಿ ಬರೆಯಿರಿ. ಆಗ ಬ್ಯಾರಿ (ಕರಾವಳಿ ಮುಸ್ಲಿಂ), ಬಿಲ್ಲವ, ಕ್ರೈಸ್ತ ಮನೆಗಳು ತಾವಾಗಿಯೇ ಒಂದೇ ತಂಡಕ್ಕೆ ಬರುತ್ತವೆ. ಶುಕ್ರವಾರ ಮಧ್ಯಾಹ್ನ ಜುಮಾ, ಭಾನುವಾರ ಬೆಳಿಗ್ಗೆ ಪೂಜೆ (ಚರ್ಚಿನದ್ದು) ಇರುವುದರಿಂದ ಆ ಹೊತ್ತು ಬಿಡಿ. ಊಟಕ್ಕೆ ಗಂಜಿ, ಚಟ್ನಿ, ಉಪ್ಪಿನಕಾಯಿ ಸಾಕು, ಯಾರಿಗೂ ಕಸಿವಿಸಿ ಇಲ್ಲ. ಇಂಥ ಕೆಲಸ ಹೆಚ್ಚಾಗಿ ಎರಡನೇ ವರ್ಷಕ್ಕೆ ಕೆಡುತ್ತದೆ: ಹಲಗೆ ಎಲ್ಲಿ ಇಟ್ಟರೆಂದು ಯಾರಿಗೂ ಗೊತ್ತಿರುವುದಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮೊದಲು ತೆಗೆದಿಡುವ ಜವಾಬ್ದಾರಿಯನ್ನೂ ಹೆಸರು ಹಾಕಿ ಬರೆದಿಡಿ.

ಜೊತೆಗೆ ಒಂದು ಫೋನ್ ಪಟ್ಟಿ: ದೇವಸ್ಥಾನದ ಮೊಕ್ತೇಸರರು, ಜಮಾಅತ್ ಅಧ್ಯಕ್ಷರು, ಚರ್ಚ್ ವಾಳೆಯ (ವಾರ್ಡಿನ) ಮುಖಂಡ ಗುರ್ಕಾರ್, ಭಜನಾ ಮಂಡಳಿ, ಯುವಕ ಮಂಡಲ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ, ರಿಕ್ಷಾ ಸ್ಟ್ಯಾಂಡ್, ಬೀಟ್ ಪೊಲೀಸ್. ಪ್ರತಿ ಕಡೆಯಿಂದ ಇಬ್ಬರಿರಲಿ, ಒಬ್ಬರು ಎತ್ತದಿದ್ದರೆ ಇನ್ನೊಬ್ಬರು. ರಿಕ್ಷಾ ಸ್ಟ್ಯಾಂಡ್ ಮರೆಯಬೇಡಿ; ಸುದ್ದಿ ಮೊದಲು ಹಬ್ಬುವುದು ಅಲ್ಲಿಂದ. ಚುನಾವಣೆಗೆ ನಿಲ್ಲುವ ಅಂದಾಜಿರುವವರನ್ನು ಮುಂದೆ ನಿಲ್ಲಿಸದಿರುವುದೇ ಒಳ್ಳೆಯದು.

ಪ್ರಶ್ನೆ: ಜಾತ್ರೆಗೆ ಅನ್ಯಧರ್ಮದವರು ಅಂಗಡಿ ಹಾಕಬಾರದೆಂದು ಬ್ಯಾನರ್ ಕಟ್ಟುವ ಮಾತು ಕೇಳಿಬರುತ್ತಿದೆ. ಸಮಿತಿಯಲ್ಲಿ ಹೆಚ್ಚಿನವರಿಗೆ ಇದು ಬೇಡ. ಕಾನೂನು ಏನು ಹೇಳುತ್ತದೆ?
— ಸಮಿತಿ ಸದಸ್ಯರು, ಕಾಪು ತಾಲೂಕು

ಉತ್ತರ: ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಬಪ್ಪ ಬ್ಯಾರಿ ಕಟ್ಟಿಸಿದರೆಂಬ ಐತಿಹ್ಯ ಎಲ್ಲ ಭಾಷಣಗಳಲ್ಲೂ ಬರುತ್ತದೆ. 2022ರಲ್ಲಿ ಅದೇ ಬಪ್ಪನಾಡಿನ ಜಾತ್ರೆಗೂ ಇಂಥ ಬ್ಯಾನರ್ ಬಂತು. ಕಥೆ ಗೊತ್ತಿದ್ದರೆ ಸಾಲದು, ಕಾಗದ ಸರಿ ಇರಬೇಕು.

ಆಗ ನಿರ್ಬಂಧದ ಪರವಾಗಿ ಎತ್ತಿ ತೋರಿಸಿದ್ದು ಕರ್ನಾಟಕದ ಧಾರ್ಮಿಕ ದತ್ತಿ ನಿಯಮಗಳ (2002) 31(12)ನ್ನು. ಅದರಲ್ಲಿರುವುದು ಸಂಸ್ಥೆಯ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ ಮಾತು. ನಾಲ್ಕು ದಿನದ ಗೂಡಂಗಡಿಗೂ ಅದು ತಾಗುತ್ತದೆಯೇ ಎಂಬುದನ್ನು ಬ್ಯಾನರ್ ಕಟ್ಟುವವರು ತೀರ್ಮಾನಿಸಬೇಕಿಲ್ಲ. ದೇವಸ್ಥಾನ ಮುಜರಾಯಿಗೆ ಸೇರಿದ್ದಾದರೆ, ಏಲಂಗೆ ಎರಡು ತಿಂಗಳ ಮೊದಲೇ ಧಾರ್ಮಿಕ ದತ್ತಿ ಇಲಾಖೆಯ ಸಹಾಯಕ ಆಯುಕ್ತರಿಂದ ಲಿಖಿತ ಸ್ಪಷ್ಟನೆ ಕೇಳಿ. ಬಾಯಿಮಾತಿನ ಉತ್ತರ ತರಬೇಡಿ, ಜಾತ್ರೆಯ ದಿನ ಅದು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಸರ್ವೆ ನಕ್ಷೆ ನೋಡಿ: ದೇವಸ್ಥಾನದ ಜಾಗ ಎಲ್ಲಿಗೆ ಮುಗಿಯುತ್ತದೆ, ರಸ್ತೆ ಬದಿ ಯಾರದು, ಖಾಸಗಿ ಗದ್ದೆ ಯಾವುದು. ತನ್ನದಲ್ಲದ ಜಾಗಕ್ಕೆ ಸಮಿತಿ ಷರತ್ತು ಹಾಕಲಾಗದು. ಬ್ಯಾನರಿಗೆ ಅನುಮತಿ ಇದೆಯೇ ಎಂದು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರಲ್ಲಿ ವಿಚಾರಿಸಿ. ಇಲ್ಲದಿದ್ದರೆ ಪಂಚಾಯತಿಯವರೇ ಬಿಚ್ಚಲಿ. ನೀವು ಹರಿದರೆ ಅದೇ ಇನ್ನೊಂದು ಗಲಾಟೆ.

ಅಂದಹಾಗೆ, ಶಂಕರಪುರದ ಮಲ್ಲಿಗೆ ಬೆಳೆಯುವವರಲ್ಲಿ ಕ್ರೈಸ್ತ ಮನೆಗಳೂ ಧಾರಾಳ. ದೇವಿಯ ಮುಡಿಗೆ ಹೋಗುವ ಮಲ್ಲಿಗೆ ಚೆಂಡಿಗೆ ಇಲ್ಲದ ತಕರಾರು ಬಳೆ ಅಂಗಡಿಗೆ ಯಾಕೆ ಎಂದು ಸಭೆಯಲ್ಲಿ ಕೇಳಬಹುದು.

ಪ್ರಶ್ನೆ: ವಾಟ್ಸಾಪಿನಲ್ಲಿ ಬಂದ ವಿಡಿಯೋ ನಮ್ಮೂರಿನದ್ದಲ್ಲ ಎಂದು ಗೊತ್ತು. ದೂರು ಕೊಡಲು ಹೋದರೆ ಏನೇನು ಬೇಕು?
— ಬಂಟ್ವಾಳ

ಉತ್ತರ: ಸಿಟ್ಟಿನಲ್ಲಿ ‘ಇದು ಸುಳ್ಳು’ ಎಂದು ಬರೆದೂ ಮುಂದೆ ಕಳಿಸಬೇಡಿ, ವಿಡಿಯೋ ಉಳಿಯುತ್ತದೆ, ನಿಮ್ಮ ಮಾತು ಉದುರುತ್ತದೆ. ಕಳಿಸಿದವರ ನಂಬರ್, ಗುಂಪಿನ ಹೆಸರು, ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಸಂದೇಶ ಅಳಿಸಬೇಡಿ. ಫೋನ್ ಬದಲಿಸುವ ಆಲೋಚನೆ ಇದ್ದರೆ ಸ್ವಲ್ಪ ತಡೆಯಿರಿ: ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಪ್ರತಿ ಯಾವ ಫೋನಿನಿಂದ ಬಂತೆಂದು ದೃಢೀಕರಿಸುವ ಪತ್ರ) ಇಲ್ಲದ ಪ್ರತಿಗಳು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಧರ್ಮಗಳ ನಡುವೆ ದ್ವೇಷ ಹುಟ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 196ರಡಿ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ; ಪೂಜಾಸ್ಥಳದಲ್ಲಿ ನಡೆದರೆ ಐದು. ಇ-ಮೇಲ್ ಮುಂತಾಗಿ ದೂರು ಕೊಟ್ಟರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್ಪಿಗೆ ಕಳಿಸಿ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯಕ್ಕೆ ಜಿಲ್ಲಾ ಎಸ್ಪಿ. ಮೂಲ್ಕಿ, ಮೂಡುಬಿದಿರೆ, ಉಳ್ಳಾಲದವರು ಮಂಗಳೂರು ಪೊಲೀಸ್ ಕಮಿಷನರಿಗೆ. ಎಫ್‌ಐಆರ್ ಆದರೂ ನ್ಯಾಯಾಲಯ 196ರ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಅದು ಬಂತೇ ಎಂದು ತನಿಖಾಧಿಕಾರಿಯಲ್ಲಿ ವಿಚಾರಿಸುತ್ತಲೇ ಇರಬೇಕು, ಅಲ್ಲೇ ಕಡತ ಮಲಗುವ ಸಂಭವ ಇದೆ.

ಊರಿಗೆ ಸಮಜಾಯಿಷಿ ಕೊಡುವುದಕ್ಕೆ ಬರಹಕ್ಕಿಂತ ಧ್ವನಿಸಂದೇಶ ವಾಸಿ. ಅರ್ಧ ನಿಮಿಷ, ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ. ಸುದ್ದಿ ನಂಬಿದ ಕಡೆಯವರೇ ಮಾತಾಡಲಿ, ನಿಜ ಏನೆಂಬುದು ಮೊದಲ ವಾಕ್ಯದಲ್ಲೇ ಬರಲಿ.

ಪ್ರಶ್ನೆ: ಮಿಲಾದ್ ಮೆರವಣಿಗೆ, ಗಣೇಶೋತ್ಸವ ಒಟ್ಟೊಟ್ಟಿಗೆ ಬಂದರೆ?
— ಕುಂದಾಪುರ

ಉತ್ತರ: ಹಿಜರಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಡಿಕ್ಕಿ ಮೊದಲೇ ಗೊತ್ತಾಗುತ್ತದೆ. 2023ರಲ್ಲಿ ಮಿಲಾದ್, ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಎರಡೂ ಸೆಪ್ಟೆಂಬರ್ 28ಕ್ಕೆ ಬಿದ್ದಾಗ ಮುಂಬೈಯ ಮುಸ್ಲಿಮರು ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗುವುದರಿಂದ ಠಾಣೆಯ ಶಾಂತಿಸಭೆಗೆ ಎರಡೂ ತಾರೀಕು ಕೊಡಿ. ದಾರಿ, ಹೊರಡುವ ಹೊತ್ತು, ಮಸೀದಿ-ಮಂದಿರದ ಎದುರು ವಾದ್ಯ ನಿಲ್ಲಿಸುವ ಜಾಗ, ಎರಡೂ ಕಡೆಯ ಸ್ವಯಂಸೇವಕರ ಹೆಸರು ಒಂದೇ ಹಾಳೆಯಲ್ಲಿರಲಿ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ನಿರ್ಬಂಧ ಎಲ್ಲರಿಗೂ ಒಂದೇ. 2022ರಲ್ಲಿ ಕಟೀಲು ಮೇಳದ ಯಕ್ಷಗಾನ ಆಟವೇ ಕಾಲಮಿತಿಗೆ ಬಂದಿತ್ತು. ಮೆರವಣಿಗೆಗಳ ನಡುವೆ ಕನಿಷ್ಠ ಒಂದು ಗಂಟೆ ಬಿಡುವಿರಲಿ, ಏಕೆಂದರೆ ಹೇಳಿದ ಹೊತ್ತಿಗೆ ಯಾವುದೂ ಹೊರಡುವುದಿಲ್ಲ.