ಸಿಕಲ್ ಸೆಲ್ ಇದ್ದವರಿಗೆ ಅಂಗಾಲು ಉರಿ: ನರದ ತೊಂದರೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ, ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ರಕ್ತದ ಕಾಯಿಲೆ) ಇದೆ. ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಸಿಡ್ ಮಾತ್ರೆ ತಪ್ಪದೆ ನುಂಗುತ್ತಾನೆ. ನಾಲ್ಕು ತಿಂಗಳಿಂದ ರಾತ್ರಿ ಎರಡೂ ಅಂಗಾಲು ಉರಿ, ಜೋಮು. ಹೊದಿಕೆ ತಾಗಿದರೂ ತಡೆಯುವುದಿಲ್ಲ. ಕಳೆದ ವಾರದಿಂದ ಗದ್ದ, ಕೆಳತುಟಿ ಮರಗಟ್ಟಿವೆ. ‘ಕಾಯಿಲೆಯ ನೋವೇ’ ಎನ್ನುತ್ತಾರೆ. ಹೌದೇ?
– ಓದುಗರು, ಎಚ್.ಡಿ. ಕೋಟೆ

ಉತ್ತರ: ಮೊದಲು ಗದ್ದದ ವಿಷಯ. ಕೆಳದವಡೆಯ ಮೂಳೆಗೆ ರಕ್ತದ ಹರಿವು ನಿಂತಾಗ ಅದರೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾಗಿ ಹೀಗೆ ಆಗುವುದುಂಟು. ಹಲ್ಲಿನ ಸೋಂಕೂ ಕಾರಣವಿರಬಹುದು. ಈ ವಾರವೇ ದವಡೆಯ ಎಕ್ಸ್‌ರೇ ಮಾಡಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು. ಒಂದು ಗಳಿಗೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಅಂಗಾಲು. ಸಿಕಲ್ ಸೆಲ್ ನೋವು ಹೆಚ್ಚಾಗಿ ಮೂಳೆಯದು. ಸೊಂಟ, ಬೆನ್ನು, ತೊಡೆ ಸಿಡಿದಂತಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಉರಿ, ಜೋಮು ನರದ ಲಕ್ಷಣ. ಎಲ್ಲವನ್ನೂ ‘ಕಾಯಿಲೆಯ ನೋವು’ ಎಂದುಬಿಡುವುದರಿಂದ ಈ ರೋಗಿಗಳಿಗೆ ಅನ್ಯಾಯವಾಗುತ್ತಿದೆ. ಬಾಗಿದ ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ ನರವನ್ನೂ ಕೆಡಿಸಬಲ್ಲವು, ನಿಜ. ಆದರೆ ಅದಕ್ಕೂ ಮೊದಲು ವಿಟಮಿನ್ ಬಿ12 ಪರೀಕ್ಷೆ ಆಗಲೇಬೇಕು.

ಬಿ12 ಕಡಿಮೆಯಾದರೆ ರಕ್ತಕಣ ಉಬ್ಬಿ, ವರದಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಏರುತ್ತದೆ. ವೈದ್ಯರಿಗೆ ಸುಳಿವು ಅದೇ. ಹೈಡ್ರಾಕ್ಸಿಯೂರಿಯಾ ಕೂಡ ಎಂಸಿವಿ ಏರಿಸುವುದರಿಂದ ಆ ಸುಳಿವು ಮುಚ್ಚಿಹೋಗುತ್ತದೆ. ಫೋಲಿಕ್ ಆಸಿಡ್ ಬಿ12 ಕೊರತೆಯ ರಕ್ತಹೀನತೆಯನ್ನು ಸರಿಪಡಿಸುತ್ತದೆ, ನರವನ್ನು ಕಾಯುವುದಿಲ್ಲ. ಹೀಗಾಗಿ ಹಿಮೋಗ್ಲೋಬಿನ್ ಎಂದಿನಂತೆಯೇ ಇದ್ದರೂ ನರ ಕೆಡುತ್ತಾ ಹೋಗುತ್ತದೆ.

ಬಿ12 ಇಂಜೆಕ್ಷನ್ ಹಾಕಿಸುವ ಮೊದಲೇ ಪರೀಕ್ಷೆಗೆ ರಕ್ತ ಕೊಡಿ. ಆಮೇಲೆ ಬರುವ ಅಂಕಿಗೆ ಅರ್ಥವಿಲ್ಲ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳಿದ್ದರೆ ಅದನ್ನೂ ತಳ್ಳಿಹಾಕುವಂತಿಲ್ಲ. ಕೊರತೆ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಇಂಜೆಕ್ಷನ್ ಅನ್ನು ಮೊದಲು ದಿನ ಬಿಟ್ಟು ದಿನ, ಬಳಿಕ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕೊಡುತ್ತಾರೆ. ಜೋಮು ಇಳಿಯಲು ತಿಂಗಳುಗಳೇ ಬೇಕು. ತಡವಾದಷ್ಟೂ ಪೂರ್ತಿ ವಾಸಿಯಾಗುವ ಸಾಧ್ಯತೆ ಕಡಿಮೆ.

ಸಕ್ಕರೆ ಕಾಯಿಲೆಯನ್ನೂ ನೋಡಿಸಿ, ಆದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ನಂಬಬೇಡಿ. 120 ದಿನ ಬದುಕಬೇಕಾದ ಕೆಂಪು ರಕ್ತಕಣ ಸಿಕಲ್ ಸೆಲ್ ಇದ್ದವರಲ್ಲಿ 10–20 ದಿನಕ್ಕೇ ಒಡೆಯುವುದರಿಂದ ಅಂಕಿ ಸುಳ್ಳು ಹೇಳುತ್ತದೆ. ಖಾಲಿ ಹೊಟ್ಟೆಯದು, ಊಟದ ನಂತರದ್ದು, ಎರಡೂ ಮಾಡಿಸಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೂಡ ಬೇಕು, ಏಕೆಂದರೆ ನರದ ಉರಿಗೆ ಕೊಡುವ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್‌ಗಳನ್ನು ಮೂತ್ರಪಿಂಡ ಸೋತಿದ್ದರೆ ಕಡಿಮೆ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ. ಅಲ್ಲಿಯವರೆಗೆ ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗದು. ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನುಂಗಿಸಬೇಡಿ. ನರದ ಉರಿಗೆ ಅದು ನಾಟುವುದಿಲ್ಲ, ಮೂತ್ರಪಿಂಡಕ್ಕೆ ಮಾತ್ರ ಹೊರೆ.