ಗೇಟಿನ ಕ್ಯಾಮೆರಾ, ಅಪ್ಪನ ಧ್ವನಿ, ಆಧಾರ್ ಜೆರಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಖಾಸಗಿತನದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಆತಂಕ ನನಗೆ ಅತಿಯೆನಿಸುತ್ತದೆ. ತೆರಿಗೆ ಕಟ್ಟಿದ್ದೇನೆ, ಸಾಲ ತೀರಿಸಿದ್ದೇನೆ, ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ. ಯಾರು ಆಧಾರ್ ಜೆರಾಕ್ಸ್ ಕೇಳಿದರೂ ಕೊಡುತ್ತೇನೆ. ಇದರಲ್ಲಿ ತಪ್ಪೇನು?
– ಓದುಗರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನಿಮ್ಮ ಬಾಳು ತೆರೆದ ಪುಸ್ತಕವೆಂಬುದನ್ನು ಒಪ್ಪೋಣ. ಆದರೆ ಖಾಸಗಿತನಕ್ಕೂ ಗುಟ್ಟಿಗೂ ಇರುವ ಸಂಬಂಧ ನಾವು ಅಂದುಕೊಂಡಷ್ಟು ಹತ್ತಿರದ್ದಲ್ಲ. ಒಂದು ಕೆಲಸಕ್ಕೆಂದು ಕೊಟ್ಟ ಮಾಹಿತಿ ಆ ಕೆಲಸಕ್ಕಷ್ಟೇ ಬಳಕೆಯಾಗುತ್ತದೆಯೇ, ಇನ್ನೊಂದಕ್ಕೆ ಹೋಗುವುದಾದರೆ ನಿಮ್ಮನ್ನು ಕೇಳಿ ಹೋಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ. ನಿವೇಶನವನ್ನೋ ಜಮೀನನ್ನೋ ಕೊಂಡವರು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಬೆರಳಚ್ಚು ಒತ್ತುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಅದು ಕಾನೂನಿನಂತೆ ನಡೆಯುವ ವ್ಯವಹಾರ. 2023ರಲ್ಲಿ ಬೆಂಗಳೂರಿನಲ್ಲಿ ಹೀಗೆ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಹೋಯಿತು. ಓಟಿಪಿ ಬಂದಿರಲಿಲ್ಲ, ಯಾರೂ ಕರೆ ಮಾಡಿರಲಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚಿನಿಂದ ವಂಚಕರು ನಕಲಿ ಅಚ್ಚು ತಯಾರಿಸಿಕೊಂಡಿದ್ದರು. ಆಮೇಲೆ ನೋಂದಣಿ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಬೇಕಾಯಿತು. ಹಣ ಕಳೆದುಕೊಂಡವರು ನಿಮ್ಮಂತೆಯೇ ನೆಟ್ಟಗೆ ಬದುಕಿದವರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣ ಇಂದಿಗೂ ‘ಪುಟ್ಟಸ್ವಾಮಿ ಪ್ರಕರಣ’ವೆಂದೇ ಹೆಸರಾಗಿದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆಗ ಅವರಿಗೆ ಎಂಬತ್ತು ದಾಟಿತ್ತು. ಮುಚ್ಚಿಡಲು ಅವರ ಬಳಿಯೂ ಏನೂ ಇದ್ದಿರಲಾರದು.

ಇನ್ನು ನೀವು ಮಾಡಬಹುದಾದದ್ದು. ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ. ಅದನ್ನು ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐನ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದೆಂದು ಅಡ್ಡಲಾಗಿ ಬರೆದು ಸಹಿ ಹಾಕಿ. ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವೂ ಇದೆ, ಆದರೆ ಲಾಕ್ ಮಾಡಿದವರು ನ್ಯಾಯಬೆಲೆ ಅಂಗಡಿಗೆ ಹೊರಡುವ ಮುನ್ನ ಅದನ್ನು ತೆರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಅಲ್ಲಿಯೂ ಬೆರಳು ಹಿಡಿಯುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವು ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ ಹಾಕಿಸಲು ತೀರ್ಮಾನಿಸಿದೆ. ಮನೆಗೆಲಸದವರು, ಚಾಲಕರು, ಅಡುಗೆಯವರು ಮುಖ ತೋರಿಸಿಯೇ ಒಳಬರಬೇಕು. ನಿವಾಸಿಗಳಿಗೆ ಈ ನಿಯಮವಿಲ್ಲ. ಕಾರ್ಯಕಾರಿ ಸಮಿತಿಯಲ್ಲಿರುವ ನನಗೆ ಇದು ಸರಿಯೆನಿಸುತ್ತಿಲ್ಲ, ಆದರೆ ಏಕೆಂದು ವಾದಿಸಲು ಗೊತ್ತಾಗುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ವಾದ ನಿಮ್ಮ ಪತ್ರದಲ್ಲೇ ಇದೆ. ಭದ್ರತೆಗೆ ಇದು ಅಷ್ಟೊಂದು ಅಗತ್ಯವಾಗಿದ್ದರೆ ನಿವಾಸಿಗಳ ಮುಖವೂ ಯಂತ್ರದ ಮುಂದೆ ನಿಲ್ಲಬೇಕಿತ್ತು. ಒಂದು ವರ್ಗದವರನ್ನು ಮಾತ್ರ ನಿಲ್ಲಿಸುವುದೆಂದರೆ ಕಳ್ಳತನವಾದರೆ ಅದು ಅವರಿಂದಲೇ ಎಂದು ಮೊದಲೇ ತೀರ್ಮಾನಿಸಿ, ಆ ಅನುಮಾನಕ್ಕೆ ಯಂತ್ರದ ಮುದ್ರೆ ಒತ್ತಿಸಿಕೊಂಡಂತೆ. ಸಮಿತಿಯ ಸಭೆಯಲ್ಲಿ ಇದನ್ನು ಮೊದಲು ಕೇಳಿ, ತಾಂತ್ರಿಕ ಮಾತು ಆಮೇಲೆ.

ಎರಡನೆಯದು ಒಪ್ಪಿಗೆಯ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಎಂಬುದು ಮುಕ್ತವಾಗಿ, ಷರತ್ತಿಲ್ಲದೆ, ವಿಷಯ ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಬೆಳಿಗ್ಗೆ ಆರೂವರೆಗೆ ಮೂರು ಮನೆಗಳ ಪಾತ್ರೆ ತೊಳೆಯಲು ಬಂದ ಹೆಂಗಸು, ಹಿಂದೆ ಸಾಲು ನಿಂತಿರುವಾಗ, ‘ಇಲ್ಲಿ ನೋಡಮ್ಮಾ’ ಎಂದು ಸೆಕ್ಯೂರಿಟಿಯವನು ಹೇಳಿದಾಗ ತಲೆಯೆತ್ತಿ ನೋಡಿದರೆ ಅದನ್ನು ಮುಕ್ತವಾದ ಒಪ್ಪಿಗೆ ಎನ್ನಲಾಗದು. ಒಲ್ಲೆ ಎಂದರೆ ಆ ದಿನದ ಕೂಲಿ ಹೋಗುತ್ತದೆ. ವಿಮಾನ ನಿಲ್ದಾಣದಲ್ಲಿ ಮುಖ ಗುರುತಿಸಿ ಪ್ರಯಾಣಿಕರನ್ನು ಒಳಬಿಡುವ ಡಿಜಿಯಾತ್ರಾವನ್ನು ಇದರೊಂದಿಗೆ ಹೋಲಿಸಿ ನೋಡಿ. 2022ರ ಡಿಸೆಂಬರ್ 1ರಂದು ದೆಹಲಿ ಮತ್ತು ವಾರಾಣಸಿಯ ಜೊತೆ ಬೆಂಗಳೂರಿನಲ್ಲೂ ಆರಂಭವಾದ ಆ ವ್ಯವಸ್ಥೆಯ ಬಗ್ಗೆಯೂ ತಕರಾರುಗಳಿವೆ. ಆದರೂ ಬೇಡವೆನ್ನುವವರಿಗೆ ಗುರುತಿನ ಚೀಟಿ ತೋರಿಸಿ ಹೋಗುವ ಇನ್ನೊಂದು ಸಾಲು ಅಲ್ಲಿ ಇದೆ. ನಿಮ್ಮ ಗೇಟಿನಲ್ಲಿ ಆ ಇನ್ನೊಂದು ಸಾಲು ಇಲ್ಲ.

ಯಂತ್ರ ತಪ್ಪುವುದೂ ಎಲ್ಲರ ವಿಷಯದಲ್ಲಿ ಒಂದೇ ರೀತಿ ಅಲ್ಲ. ಜಾಯ್ ಬೂಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವಚಿತ್ರ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಪುರುಷರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8 ಇದ್ದರೆ, ಕಪ್ಪುಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇಕಡಾ 34.7ರವರೆಗೆ ಹೋಗಿತ್ತು. ಆಮೇಲೆ ತಂತ್ರಜ್ಞಾನ ಸುಧಾರಿಸಿದೆ ನಿಜ. ಆದರೆ ನಿಮ್ಮ ಸಂಘ ಕೊಳ್ಳಲಿರುವ ಯಂತ್ರ ಯಾವ ಮುಖಗಳ ಮೇಲೆ ಪಳಗಿದೆ, ಅದು ಒಬ್ಬರನ್ನು ಗುರುತಿಸದೆ ಹೋದಾಗ ಗೇಟಿನಲ್ಲಿ ಯಾರು ನಿರ್ಧರಿಸುತ್ತಾರೆ, ಕೆಲಸ ಬಿಟ್ಟು ಹೋದವರ ಮುಖದ ದಾಖಲೆಯನ್ನು ಎಷ್ಟು ದಿನಕ್ಕೆ ಅಳಿಸುತ್ತಾರೆ ಎಂಬುದನ್ನು ಮಾರಾಟಗಾರರಿಂದ ಬರೆಸಿಕೊಳ್ಳಿ. ಬರೆದುಕೊಡಲು ಅವರು ಹಿಂದೇಟು ಹಾಕಿದರೆ ಸಭೆಯ ಚರ್ಚೆ ಬೇಗ ಮುಗಿಯುತ್ತದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖವನ್ನು ಬದಲಿಸಲಾಗದು. ಭಾವಚಿತ್ರವಿರುವ ಪಾಸ್ ಮತ್ತು ಹಾಜರಿ ಪುಸ್ತಕದಿಂದ ಆಗದ ಯಾವ ಕೆಲಸ ಈ ಯಂತ್ರದಿಂದ ಆಗುತ್ತದೆಯೋ ನನಗಂತೂ ತಿಳಿಯದು.

ಪ್ರಶ್ನೆ: ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಸಾಲದ ಅರ್ಜಿಗಳ ಸಾರಾಂಶವನ್ನು ಎಐ ಚಾಟ್‌ಬಾಟ್‌ನಿಂದ ಬರೆಸುತ್ತೇನೆ, ಸಮಯ ಬಹಳ ಉಳಿಯುತ್ತದೆ. ಹೆಸರು, ಖಾತೆ ಸಂಖ್ಯೆ ತೆಗೆದೇ ಹಾಕುತ್ತೇನೆ. ಈಗ ಕಾರ್ಯದರ್ಶಿಗಳು ಯಾರಿಗೆ ಸಾಲ ಕೊಡಬಹುದೆಂದೂ ಅದನ್ನೇ ಕೇಳೋಣ ಎನ್ನುತ್ತಿದ್ದಾರೆ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಹೆಸರು ತೆಗೆಯುವುದು ಒಳ್ಳೆಯ ಅಭ್ಯಾಸ, ಆದರೆ ಸಾಲದು. ‘ಗಂಡ ತೀರಿಕೊಂಡಿದ್ದಾರೆ, ಎರಡು ಎಕರೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ, ಮಗನಿಗೆ ಕಿಡ್ನಿ ತೊಂದರೆ, ವಾರಕ್ಕೆರಡು ಸಲ ಡಯಾಲಿಸಿಸ್’ ಎಂದು ಬರೆದರೆ ಆ ಊರಿನಲ್ಲಿ ಹೆಸರೇ ಬೇಕಾಗುವುದಿಲ್ಲ. ಸಣ್ಣ ಊರುಗಳಲ್ಲಿ ಮನುಷ್ಯರನ್ನು ಗುರುತಿಸುವುದು ಸಂಖ್ಯೆಯಿಂದಲ್ಲ, ಸಂಗತಿಗಳಿಂದ. ನೀವು ಟೈಪ್ ಮಾಡಿದ್ದು ಬೇರೆಯವರ ಸರ್ವರ್‌ನಲ್ಲಿ ಉಳಿಯಬಹುದು, ಸೆಟ್ಟಿಂಗ್ಸ್‌ನಲ್ಲಿ ಬೇಡವೆಂದು ಹೇಳದಿದ್ದರೆ ಮುಂದಿನ ಮಾದರಿಗಳ ತರಬೇತಿಗೂ ಹೋಗಬಹುದು. ಸದಸ್ಯರು ಕಾಯಿಲೆಯ ವಿವರ ಕೊಟ್ಟದ್ದು ಸಂಘವನ್ನು ನಂಬಿ. ಹಾಗಾಗಿ ಸಾರಾಂಶಕ್ಕೆ ಬೇಡದ ಸಂಗತಿಯನ್ನು ಹಾಕಲೇಬೇಡಿ, ಮತ್ತು ಈ ಬಳಕೆಗೆ ಆಡಳಿತ ಮಂಡಳಿಯ ಠರಾವು ಇರಲಿ. ನಾಳೆ ಪ್ರಶ್ನೆ ಎದ್ದಾಗ ಗುಮಾಸ್ತರೊಬ್ಬರೇ ಸಿಕ್ಕಿಬೀಳುವುದು ನ್ಯಾಯವಲ್ಲ.

ಕಾರ್ಯದರ್ಶಿಗಳ ಸಲಹೆಗೆ ಮಾತ್ರ ಬೇಡವೆಂದೇ ಹೇಳಿ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ವಂಚನೆ ಹಿಡಿಯಲು ತೆರಿಗೆ ಇಲಾಖೆ ಗಣಕದ ಅಂಕಪದ್ಧತಿಯೊಂದನ್ನು ಬಳಸಿತು. ಡಚ್ ಪೌರತ್ವವಿಲ್ಲದಿರುವುದನ್ನೂ ಅದು ಅಪಾಯದ ಲಕ್ಷಣವೆಂದು ಎಣಿಸುತ್ತಿತ್ತು. ಸಾವಿರಾರು ಕುಟುಂಬಗಳು ವಂಚಕರೆನಿಸಿಕೊಂಡು, ಪಡೆದ ಹಣವನ್ನೆಲ್ಲ ಹಿಂದಿರುಗಿಸಬೇಕಾಗಿ ಬಂದು ಬೀದಿಗೆ ಬಿದ್ದವು. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನಿಮ್ಮ ಸಂಘದಲ್ಲಿ ಸಾಲ ಸಿಗದವರು ಕೌಂಟರಿಗೆ ಬಂದು ‘ಯಾಕ್ರೀ ಕೊಡ್ಲಿಲ್ಲ?’ ಎಂದು ಕೇಳಿದರೆ ಹೇಳಲು ಒಂದು ಕಾರಣ ಬೇಕು. ಚಾಟ್‌ಬಾಟ್ ಕೇಳಿದರೆ ಕಾರಣವನ್ನೂ ಚೆಂದವಾಗಿ ಬರೆದುಕೊಡುತ್ತದೆ, ಆದರೆ ಅದು ನಿರ್ಧಾರಕ್ಕೆ ನಿಜವಾಗಿ ಕಾರಣವಾದದ್ದೇ ಎಂಬ ಖಾತ್ರಿಯಿಲ್ಲ. ಪಹಣಿ ನೋಡಿ, ಜಾಮೀನುದಾರರನ್ನು ವಿಚಾರಿಸಿ, ಸಹಿ ಹಾಕುವ ನಿರ್ದೇಶಕರು ಆ ಸಹಿಗೆ ಹೊಣೆಯಾಗಿರುವ ಪದ್ಧತಿಯಲ್ಲೂ ಪಕ್ಷಪಾತ ಇದ್ದೇ ಇದೆ. ಆದರೆ ಅಲ್ಲಿ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಕೇಳಲು ಒಬ್ಬ ಮನುಷ್ಯನಿರುತ್ತಾನೆ.

ಪ್ರಶ್ನೆ: ಹೋದ ವರ್ಷ ನಮ್ಮ ತಂದೆಯವರು ತೀರಿಕೊಂಡರು. ವರ್ಷಾಂತಿಕದ ದಿನ ಬಂಧುಗಳೆಲ್ಲ ಸೇರಿದಾಗ ಕೇಳಿಸಲೆಂದು ಅವರ ಧ್ವನಿಯನ್ನು ಎಐ ಮೂಲಕ ಮರುಸೃಷ್ಟಿಸಿ, ಮೊಮ್ಮಕ್ಕಳಿಗೆ ಆಶೀರ್ವಾದದ ಮಾತು ಹೇಳಿಸಬೇಕೆಂದು ನನ್ನ ತಮ್ಮನ ಆಸೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಇದು ಸರಿಯೇ?
– ಓದುಗರು, ಶಿರಸಿ

ಉತ್ತರ: ಈ ಪ್ರಶ್ನೆಗೆ ಕಾನೂನಿನಿಂದ ಹೆಚ್ಚು ಸಹಾಯವಿಲ್ಲ. ತನ್ನ ಮರಣಾನಂತರ ದತ್ತಾಂಶದ ಹಕ್ಕುಗಳನ್ನು ಯಾರು ಚಲಾಯಿಸಬೇಕೆಂದು ವ್ಯಕ್ತಿಯು ನಾಮನಿರ್ದೇಶನ ಮಾಡಬಹುದೆಂದು 2023ರ ಕಾಯ್ದೆ ಹೇಳುತ್ತದೆಯೇ ಹೊರತು, ಮಕ್ಕಳು ಅಪ್ಪನ ಧ್ವನಿಯನ್ನು ಏನು ಮಾಡಬಹುದು ಎಂಬುದರ ಬಗ್ಗೆ ಏನೂ ಹೇಳುವುದಿಲ್ಲ.

ಕನ್ನಡಿಗರಿಗೆಲ್ಲ ನೆನಪಿರುವ ಒಂದು ಪ್ರಸಂಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದಾಗ ಅವರು ನಟಿಸಿದ್ದ ಚಿತ್ರವೊಂದರ ಡಬ್ಬಿಂಗ್ ಉಳಿದಿತ್ತು. 2022ರ ಮಾರ್ಚ್‌ನಲ್ಲಿ ಚಿತ್ರ ತೆರೆಗೆ ಬಂದಾಗ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ಧ್ವನಿ ಕೊಟ್ಟಿದ್ದರು. ಅನಂತರ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ಧ್ವನಿಯನ್ನು ಅಳವಡಿಸಲಾಯಿತು. ಅಭಿಮಾನಿಗಳಿಗೆ ಅದು ಮೋಸವೆನಿಸಲಿಲ್ಲ, ಏಕೆಂದರೆ ಆ ಸಂಭಾಷಣೆಗಳನ್ನು ಒಪ್ಪಿ ನಟಿಸಿದವರು ಅವರೇ. ಅಲ್ಲಿ ಧ್ವನಿ ಮಾತ್ರ ಯಂತ್ರದ್ದು, ಮಾತು ಅವರು ಒಪ್ಪಿದ್ದೇ. ನಿಮ್ಮ ತಮ್ಮ ಮಾಡಹೊರಟಿರುವುದರಲ್ಲಿ ಮಾತು ತಮ್ಮನದು, ಒಪ್ಪಿಗೆ ಯಾರದೂ ಅಲ್ಲ.

ತಂದೆಯವರು ಬರೆದಿಟ್ಟ ಪತ್ರವಿದ್ದರೆ ಅದನ್ನು ಅವರ ಧ್ವನಿಯಲ್ಲಿ ಓದಿಸುವುದಕ್ಕೆ ನನ್ನ ಆಕ್ಷೇಪ ಕಡಿಮೆ. ಅವರು ಎಂದೂ ಆಡದ ಮಾತನ್ನು, ಆಶೀರ್ವಾದವೇ ಆದರೂ, ಅವರ ಬಾಯಿಗೆ ಹಾಕುವುದಕ್ಕೆ ನನ್ನ ಆಕ್ಷೇಪವಿದೆ. ಇಂದು ಆಶೀರ್ವಾದ ಹೇಳಿಸಿದ ಧ್ವನಿಯಿಂದ ನಾಳೆ ತೋಟದ ಪಾಲಿನ ಬಗ್ಗೆಯೂ ಹೇಳಿಸಬಹುದೆಂಬುದು ಕುಟುಂಬದಲ್ಲಿ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ. ಎಲ್ಲಕ್ಕಿಂತ ಮೊದಲು ಅಮ್ಮನನ್ನು ಕೇಳಿ, ಅದೂ ಧ್ವನಿ ತಯಾರಾದ ಮೇಲೆ ಅಲ್ಲ. ನೆಂಟರಿಷ್ಟರ ನಡುವೆ ಸ್ಪೀಕರಿನಿಂದ ಏಕಾಏಕಿ ಗಂಡನ ಧ್ವನಿ ಬಂದರೆ ಅವರಿಗೆ ಏನಾಗಬಹುದೆಂದು ನೀವಾಗಲಿ ನಾನಾಗಲಿ ಊಹಿಸುವ ಅಧಿಕಾರ ನಮಗಿಲ್ಲ. ಫೋನಿನಲ್ಲಿ ಅವರ ಹಳೆಯ ವಾಯ್ಸ್ ಮೆಸೇಜುಗಳು ಇದ್ದೇ ಇರುತ್ತವೆ, ಅವನ್ನು ಒಂದೆಡೆ ಕೂಡಿಡಿ. ‘ಹಾಲಿನ ದುಡ್ಡು ಕೊಟ್ಟೆಯಾ’ ಎಂದು ಕೇಳಿದ ಮಾತಾದರೂ ಅದು ಅವರದೇ.

ಪ್ರಶ್ನೆ: ನನ್ನ ಗೆಳತಿಯ ಇನ್‌ಸ್ಟಾಗ್ರಾಂ ಚಿತ್ರ ತೆಗೆದು ಯಾರೋ ಎಐನಿಂದ ನಗ್ನಚಿತ್ರ ಮಾಡಿ ಹಂಚುತ್ತಿದ್ದಾರೆ. ಮನೆಯಲ್ಲಿ ಹೇಳಲು ಅವಳಿಗೆ ಹೆದರಿಕೆ.
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ತಪ್ಪು ಅವಳದಲ್ಲ, ಚಿತ್ರ ಹಾಕಿದ್ದಕ್ಕೆ ಅವಳು ಯಾರ ಬಳಿಯೂ ಕ್ಷಮೆ ಕೇಳಬೇಕಿಲ್ಲ. ಮೊದಲು ಚಿತ್ರ, ಖಾತೆಯ ಹೆಸರು ಮತ್ತು ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆದರಿ ಎಲ್ಲವನ್ನೂ ಅಳಿಸಿದರೆ ಸಾಕ್ಷ್ಯವೇ ಹೋಗುತ್ತದೆ. ಆಮೇಲೆ ಆ ಜಾಲತಾಣಕ್ಕೆ ದೂರು ಕೊಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಚಿತ್ರಗಳನ್ನು, ತಿರುಚಿ ಮಾಡಿದವನ್ನೂ ಸೇರಿಸಿ, ದೂರು ಬಂದಮೇಲೆ ಜಾಲತಾಣ ತೆಗೆಯಲೇಬೇಕು, ತಡಮಾಡುವಂತಿಲ್ಲ. ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಅಲ್ಲಿ ಹೆಸರು ಕೊಡದೆಯೂ ವರದಿ ಮಾಡುವ ಅವಕಾಶವಿದೆ. ಹಣ ಕೇಳಿ ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿದ ಪ್ರಕರಣ 2023ರ ನವೆಂಬರ್‌ನಲ್ಲಿ ದೊಡ್ಡ ಸುದ್ದಿಯಾಯಿತು. 2024ರ ಜನವರಿಯಲ್ಲಿ ಪೊಲೀಸರು ಆರೋಪಿಯನ್ನು ಬಂಧಿಸಿದರು. ಹೆಸರಾಂತರಿಗಷ್ಟೇ ಹೀಗೆ ನ್ಯಾಯ ಸಿಗುತ್ತದೆಂದು ನಿಮ್ಮ ಗೆಳತಿ ಸುಮ್ಮನಾಗದಿರಲಿ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಚಿಕ್ಕಮ್ಮನಿಗೋ, ನೀವು ಜೊತೆಗೆ ಕೂತು ಹೇಳಿಸಿ.

ಪ್ರಶ್ನೆ: ಆ್ಯಪ್‌ಗಳಲ್ಲಿ ‘ಒಪ್ಪುತ್ತೇನೆ’ ಎಂದು ಒತ್ತುವ ಮುನ್ನ ಬರುವ ಇಂಗ್ಲಿಷ್ ಷರತ್ತುಗಳು ನನಗೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಕೇಳಬಹುದೇ?
– ಓದುಗರು, ಚಾಮರಾಜನಗರ

ಉತ್ತರ: ಕೇಳಬಹುದು. ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಕನ್ನಡ ಅದರಲ್ಲಿ ಒಂದು. ಆದರೆ ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮತ್ತು ಕಂಪನಿಗಳಿಗೆ ಸಿದ್ಧರಾಗಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಂದರೆ 2027ರ ಮೇ ತಿಂಗಳವರೆಗೆ ಬಹುತೇಕರು ಇಂಗ್ಲಿಷಿನಲ್ಲೇ ಕೇಳುತ್ತಿರುತ್ತಾರೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ಟಾರ್ಚ್ ಆ್ಯಪ್ ಒಂದು ನಿಮ್ಮ ಸಂಪರ್ಕಗಳ ಪಟ್ಟಿಯನ್ನೋ ಮೈಕನ್ನೋ ಕೇಳಿದರೆ, ಷರತ್ತು ಯಾವ ಭಾಷೆಯಲ್ಲಿದ್ದರೂ, ‘ಡೋಂಟ್ ಅಲೋ’ ಒತ್ತಿ. ಬೆಳಕಿಗೆ ನಿಮ್ಮ ನೆಂಟರ ಫೋನ್ ನಂಬರು ಬೇಕಾಗಿಲ್ಲ.